ಮಗುವಿನ ಎದೆಯ ಚಿತ್ರದಲ್ಲಿ ಕೊರೊನಾ: ಕಾಣುವುದೆಷ್ಟು, ಕಾಣದ್ದೆಷ್ಟು

2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ರಂದೇ ಕಾಲಿಟ್ಟಿತು. ಜೂನ್ ಮೊದಲ ವಾರ ಶಾಲೆಗಳು ತೆರೆದವು, ಅದೇ ದಿನಗಳಲ್ಲಿ ರಾಜ್ಯದಲ್ಲಿ ಕೊರೊನಾ ಪ್ರಕರಣಗಳೂ ಮತ್ತೆ ಏರತೊಡಗಿದವು. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಗಳಲ್ಲಿ ಮಳೆಗಾಲದ ಶೀತಜ್ವರ ಹೊಸತೇನಲ್ಲ. ಆದರೆ ಆ ಹೆಸರು ಮತ್ತೆ ಕಿವಿಗೆ ಬಿದ್ದೊಡನೆ ಪ್ರತಿಯೊಂದು ಕೆಮ್ಮೂ ಬೇರೆಯಾಗಿ ಕೇಳಿಸತೊಡಗುತ್ತದೆ. ಒಂದು ಸಂಜೆ ನೆರೆಮನೆಯ ತಾಯಿಯೊಬ್ಬರು ಆರು ವರ್ಷದ ಮಗನ ಎದೆಯ ಎಕ್ಸ್‌ರೇ ಫಿಲ್ಮನ್ನು ತಂದು ನಮ್ಮ ಜಗಲಿಯ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು. "ಅಣ್ಣಾ, ಈ ನಡುವೆ ಬಿಳಿ ಕಾಣ್ತದಲ್ಲ, ಅದು ಕೊರೊನವಾ?" ಎಂದು ಕೇಳಿದರು. ವೈದ್ಯರು ಮಲಯಾಳದಲ್ಲಿ ವಿವರಿಸಿದ್ದರು, ವರದಿ ಇಂಗ್ಲಿಷಿನಲ್ಲಿತ್ತು, ಮನೆಯ ಮಾತು ಕನ್ನಡ. ಅವರು ಬೆರಳಿಟ್ಟು ತೋರಿಸುತ್ತಿದ್ದ ಬಿಳಿ ಮಗುವಿನ ಹೃದಯದ ನೆರಳಾಗಿತ್ತು.

ಎಕ್ಸ್‌ರೇ ಕೊಠಡಿಯಲ್ಲಿ ಹಲವು ವರ್ಷ ಕೆಲಸ ಮಾಡಿದವನೆಂಬ ಕಾರಣಕ್ಕೆ ಇಂಥ ಫಿಲ್ಮುಗಳು ನನ್ನ ಜಗಲಿಗೆ ಬರುತ್ತಿರುತ್ತವೆ. ರೋಗ ಹೇಳುವುದು ವೈದ್ಯರ ಕೆಲಸ, ನನ್ನದಲ್ಲ. ಆದರೆ ಮಕ್ಕಳಲ್ಲಿ ಕೊರೊನಾ ಸೋಂಕಿನ ಲಕ್ಷಣಗಳು ಹೇಗಿರುತ್ತವೆ, ಎದೆಯ ಚಿತ್ರ ಯಾವಾಗ ಬೇಕಾಗುತ್ತದೆ, ಅದರಲ್ಲಿ ಏನು ಕಾಣುತ್ತದೆ ಎಂಬುದನ್ನು ತಿಳಿದುಕೊಂಡರೆ ವೈದ್ಯರ ಮಾತು ಅರ್ಧ ಭಯದಲ್ಲಿ ಕಳೆದುಹೋಗುವುದಿಲ್ಲ.

ಸೋಂಕು ಎಲ್ಲಿ ಇಳಿಯುತ್ತದೆ

ಕೊರೊನಾ ವೈರಾಣು ಮೂಗು ಮತ್ತು ಗಂಟಲಿನ ಒಳಪದರದ ಮೂಲಕ ದೇಹವನ್ನು ಹೊಗುತ್ತದೆ. ಅಲ್ಲಿನ ಜೀವಕೋಶಗಳ ಮೇಲ್ಮೈಯಲ್ಲಿರುವ ಎಸಿಇ-2 ಎಂಬ ಪ್ರೋಟೀನು ಅದಕ್ಕೆ ಹಿಡಿಯಲು ಸಿಗುವ ಕೊಕ್ಕೆಯಂತೆ. ಚಿಕ್ಕ ಮಕ್ಕಳ ಮೂಗಿನ ಒಳಪದರದಲ್ಲಿ ಈ ಕೊಕ್ಕೆಗಳು ದೊಡ್ಡವರಿಗಿಂತ ಕಡಿಮೆ ಎಂದು 2020ರಲ್ಲೇ ಕಂಡುಬಂದಿತ್ತು. ಜೊತೆಗೆ, ಮಕ್ಕಳ ಮೂಗು-ಗಂಟಲಿನ ಮೊದಲ ಸಾಲಿನ ರಕ್ಷಣೆ ವೈರಾಣುವನ್ನು ಬೇಗ ಗುರುತಿಸಿ ಬೇಗ ಎದ್ದು ನಿಲ್ಲುತ್ತದೆ. ಹೆಚ್ಚಿನ ಮಕ್ಕಳಲ್ಲಿ ಸೋಂಕು ಗಂಟಲಿನ ಮಟ್ಟದಲ್ಲೇ ಮುಗಿದುಹೋಗುವುದಕ್ಕೆ ಇವೆರಡನ್ನೂ ಕಾರಣವಾಗಿ ಹೇಳುತ್ತಾರೆ.

ಗಂಟಲನ್ನು ದಾಟಿ ಇಳಿದರೆ ಸಿಗುವುದು ಶ್ವಾಸನಾಳ. ಅದು ಎರಡಾಗಿ, ನಾಲ್ಕಾಗಿ, ಮತ್ತೆ ಮತ್ತೆ ಕವಲೊಡೆದು ಕೊನೆಗೆ ಕೂದಲೆಳೆಯಷ್ಟು ಸಪೂರವಾದ ಕೊಳವೆಗಳಾಗಿ, ಅವುಗಳ ತುದಿಯಲ್ಲಿ ಗಾಳಿಚೀಲಗಳಾಗಿ ಮುಗಿಯುತ್ತದೆ. ಉಸಿರಿನ ಆಮ್ಲಜನಕ ರಕ್ತಕ್ಕೆ ಸೇರುವುದು ಈ ಚೀಲಗಳ ತೆಳು ಗೋಡೆಯ ಮೂಲಕ. ವೈರಾಣು ಇಲ್ಲಿಯವರೆಗೆ ಇಳಿದು, ಗೋಡೆ ಊದಿಕೊಂಡು, ಚೀಲದೊಳಗೆ ದ್ರವ ಸೇರಿಕೊಂಡರೆ ಅದನ್ನೇ ನ್ಯುಮೋನಿಯಾ ಎನ್ನುತ್ತಾರೆ. ಎದೆಯ ಚಿತ್ರ ಹುಡುಕುವುದು ಮುಖ್ಯವಾಗಿ ಇದನ್ನು.

ಮಗುವಿನ ಶ್ವಾಸನಾಳದ ಅಳತೆಯನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಪಪ್ಪಾಯಿ ಎಲೆಯ ದಂಟಿನಿಂದ ಗಾಳಿ ಊದುವುದು ಸುಲಭ. ಸಪೂರ ಸ್ಟ್ರಾದಿಂದ ಅದೇ ಗಾಳಿಯನ್ನು ಊದಲು ಕೆನ್ನೆ ನೋಯುತ್ತದೆ. 8 ಮಿಲಿಮೀಟರ್ ಅಗಲದ ಕೊಳವೆಯ ಒಳಗೋಡೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ಗಾಳಿಗೆ ಎದುರಾಗುವ ತಡೆ ಸುಮಾರು ಮೂರು ಪಟ್ಟಾಗುತ್ತದೆ. ಹಸುಗೂಸಿನ 4 ಮಿಲಿಮೀಟರ್ ಅಗಲದ ಕೊಳವೆ ಅಷ್ಟೇ ಊದಿಕೊಂಡರೆ ತಡೆ ಹದಿನಾರು ಪಟ್ಟು. ದೊಡ್ಡವರು ಮೂಗು ಸೀನಿ ಮುಗಿಸುವ ಶೀತಕ್ಕೆ ಎಂಟು ತಿಂಗಳ ಮಗು ಎದೆ ಸೆಳೆದುಕೊಂಡು ಉಸಿರಾಡುವುದು ಇದೇ ಲೆಕ್ಕದಿಂದ, ಮತ್ತು ಅದು ಕೊರೊನಾಕ್ಕೆ ಮಾತ್ರ ಸೇರಿದ ವಿಷಯವಲ್ಲ.

ಲಕ್ಷಣಗಳು: ಹೆಚ್ಚಿನವು ಪರಿಚಿತವೇ

ಭಾರತದ ಮೊದಲ ಮೂರು ಪ್ರಕರಣಗಳೂ ಕೇರಳದವು. ಮೂರನೆಯದು 2020ರ ಫೆಬ್ರವರಿ 3ರಂದು ನಮ್ಮ ಕಾಸರಗೋಡು ಜಿಲ್ಲೆಯಲ್ಲೇ, ವುಹಾನ್‌ನಿಂದ ಮರಳಿದ ವೈದ್ಯಕೀಯ ವಿದ್ಯಾರ್ಥಿಯೊಬ್ಬರಲ್ಲಿ ದೃಢಪಟ್ಟಿತು. ಆಗ ಮಕ್ಕಳ ಬಗ್ಗೆ ಯಾರಿಗೂ ಸ್ಪಷ್ಟವಾಗಿ ಏನೂ ತಿಳಿದಿರಲಿಲ್ಲ. ಕೆಲವೇ ವಾರಗಳಲ್ಲಿ ಅದೇ ವುಹಾನ್‌ನ ಮಕ್ಕಳ ಆಸ್ಪತ್ರೆಯಿಂದ ಸೋಂಕು ದೃಢಪಟ್ಟ 171 ಮಕ್ಕಳ ವಿವರ ಪ್ರಕಟವಾಯಿತು. ಅವರಲ್ಲಿ ಜ್ವರ ಇದ್ದವರು ಶೇ. 41.5, ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಜ್ವರವೇ ಬರಲಿಲ್ಲ. ಕೆಮ್ಮು ಶೇ. 48.5, ಗಂಟಲು ಕೆಂಪಾಗಿದ್ದದ್ದು ಶೇ. 46.2. ಯಾವ ಲಕ್ಷಣವೂ ಇಲ್ಲದೆ, ಎದೆಯ ಚಿತ್ರದಲ್ಲೂ ಏನೂ ಕಾಣದೆ ಇದ್ದವರು 27 ಮಕ್ಕಳು. ಇನ್ನೂ ಕುತೂಹಲದ ಸಂಗತಿಯೆಂದರೆ, 12 ಮಕ್ಕಳಿಗೆ ಯಾವ ತೊಂದರೆಯೂ ಇರಲಿಲ್ಲ, ಆದರೆ ಚಿತ್ರದಲ್ಲಿ ನ್ಯುಮೋನಿಯಾದ ಗುರುತು ಇತ್ತು. ಈ ಹನ್ನೆರಡರ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜ್ವರ, ಕೆಮ್ಮು, ಮೂಗು ಸೋರುವುದು, ಗಂಟಲು ನೋವು, ತಲೆನೋವು, ಮೈಕೈ ನೋವು ಇವು ಸಾಮಾನ್ಯ ಲಕ್ಷಣಗಳು. ಕೆಲವು ಮಕ್ಕಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಮೊದಲು ಬಂದು ಕೆಮ್ಮು ಆಮೇಲೆ ಬರುತ್ತದೆ, ಅಥವಾ ಬರುವುದೇ ಇಲ್ಲ. 2021ರ ಕೊನೆಯಲ್ಲಿ ಓಮಿಕ್ರಾನ್ ಬಂದ ಮೇಲೆ ಸೋಂಕು ಮೇಲಿನ ಶ್ವಾಸಮಾರ್ಗದಲ್ಲೇ ಹೆಚ್ಚು ಕಾಣಿಸಿಕೊಂಡಿತು. ಚಿಕ್ಕ ಮಕ್ಕಳಲ್ಲಿ ಧ್ವನಿಪೆಟ್ಟಿಗೆಯ ಸುತ್ತ ಊತ ಉಂಟಾಗಿ ನಾಯಿ ಬೊಗಳಿದಂತೆ ಕೇಳಿಸುವ ಕೆಮ್ಮು ಹೆಚ್ಚಾಯಿತು. ಆ ಕೆಮ್ಮು ಕೇಳಲು ಭಯಂಕರವಾದರೂ ತೊಂದರೆ ಇರುವುದು ಗಂಟಲಿನಲ್ಲಿ, ಶ್ವಾಸಕೋಶದಲ್ಲಲ್ಲ.

ಇಷ್ಟನ್ನು ನೋಡಿ ಇದು ಕೊರೊನಾ ಎಂದು ಹೇಳಲು ಬರುವುದಿಲ್ಲ. ಫ್ಲೂ, ಚಿಕ್ಕ ಮಕ್ಕಳ ಉಸಿರಾಟವನ್ನು ಕಾಡುವ ಆರ್‌ಎಸ್‌ವಿ ಮತ್ತು ಮಾಮೂಲಿ ಶೀತದ ವೈರಾಣುಗಳೂ ಇದೇ ವೇಷದಲ್ಲಿ ಬರುತ್ತವೆ. ನಮ್ಮ ಕಡೆ ಮಳೆಗಾಲದಲ್ಲಿ ಡೆಂಗಿ, ಇಲಿಜ್ವರಗಳೂ ಸಾಲಿನಲ್ಲಿ ನಿಂತಿರುತ್ತವೆ. ಸೋಂಕು ಕೊರೊನಾದ್ದೇ ಎಂದು ಹೇಳುವುದು ಮೂಗು-ಗಂಟಲಿನ ದ್ರವದ ಪರೀಕ್ಷೆ; ಎದೆಯ ಚಿತ್ರದ ಕೆಲಸ ಬೇರೆ.

ಚಿತ್ರಕ್ಕಿಂತ ಮೊದಲು ಉಸಿರು

ಮಲಯಾಳದಲ್ಲಿ ಪನಿ ಎಂದರೆ ಜ್ವರ, ಚುಮ ಎಂದರೆ ಕೆಮ್ಮು, ಶ್ವಾಸಂಮುಟ್ಟಲ್ ಎಂದರೆ ಉಸಿರುಕಟ್ಟುವುದು. ಗಡಿಯ ಈ ಭಾಗದ ತಾಯಂದಿರಿಗೆ ಮೂರೂ ಪದಗಳು ಗೊತ್ತು, ಆದರೆ ವೈದ್ಯರು ಮೂರನೆಯದನ್ನು ಕೇಳಿದಾಗ ಏನು ಉತ್ತರಿಸಬೇಕೆಂಬುದು ಹಲವರಿಗೆ ತಿಳಿಯುವುದಿಲ್ಲ. ಮೂಗು ಕಟ್ಟಿ ಗೊರಗೊರ ಎನ್ನುವುದನ್ನೂ "ಹೌದು, ಉಸಿರುಕಟ್ಟುತ್ತದೆ" ಎಂದುಬಿಡುತ್ತಾರೆ. ಮುಂದಿನ ಪರೀಕ್ಷೆಗಳೆಲ್ಲ ಆ ಒಂದು ಮಾತಿನಿಂದ ಹೊರಡಬಹುದು.

ಉಸಿರಾಟದ ತೊಂದರೆಯನ್ನು ಮನೆಯಲ್ಲೇ ಅಳೆಯಲು ಒಂದು ದಾರಿಯಿದೆ. ಮಗು ನಿದ್ದೆಯಲ್ಲಿರುವಾಗ ಅಥವಾ ಸುಮ್ಮನೆ ಮಲಗಿರುವಾಗ ಅಂಗಿಯನ್ನು ಮೇಲೆತ್ತಿ, ಎದೆ-ಹೊಟ್ಟೆ ಏರಿ ಇಳಿಯುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅವಸರ ಬೇಡ, ಏಕೆಂದರೆ ಚಿಕ್ಕ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು, ಐದು ವರ್ಷ ದಾಟಿದ ಮಕ್ಕಳಿಗೆ 30 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಮೈ ಕಾದಿರುವಾಗ ಉಸಿರು ತಾನಾಗಿಯೇ ಜೋರಾಗುವುದರಿಂದ, ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸುವುದು ಒಳ್ಳೆಯದು.

ಆದರೆ ಕೆಲವು ಗುರುತುಗಳಿಗೆ ಎಣಿಕೆಯ ಅಗತ್ಯವೇ ಇಲ್ಲ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಭಾಗ ಒಳಗೆ ಸೇದಿಕೊಳ್ಳುವುದು, ಮೂಗಿನ ಹೊಳ್ಳೆಗಳು ಅರಳುವುದು, ಉಸಿರು ಬಿಡುವಾಗ ನರಳುವ ಸದ್ದು, ತುಟಿ-ನಾಲಗೆ ನೀಲಿಯಾಗುವುದು, ಹಾಲು ಕುಡಿಯಲಾಗದಿರುವುದು, ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಕು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಮಟ್ಟ ನೋಡುವ ಆಕ್ಸಿಮೀಟರಿನಲ್ಲಿ ಶೇ. 94 ಅಥವಾ ಹೆಚ್ಚು ಇದ್ದರೆ ಸೌಮ್ಯ, 90ರಿಂದ 93 ಇದ್ದರೆ ಮಧ್ಯಮ, 90ಕ್ಕಿಂತ ಕಡಿಮೆ ಇದ್ದರೆ ತೀವ್ರ ಎಂದು ಕೇಂದ್ರ ಆರೋಗ್ಯ ಇಲಾಖೆಯ 2021ರ ಮಾರ್ಗಸೂಚಿ ವಿಂಗಡಿಸಿತ್ತು. ದೊಡ್ಡವರ ಆಕ್ಸಿಮೀಟರು ಎಳೆಯ ಬೆರಳಿಗೆ ಸರಿಯಾಗಿ ಕೂರುವುದಿಲ್ಲ, ಮಳೆಯಲ್ಲಿ ತಣ್ಣಗಾದ ಬೆರಳೂ ತಪ್ಪು ಅಂಕಿ ಕೊಡುತ್ತದೆ. ಕೈ ಬೆಚ್ಚಗೆ ಮಾಡಿ ಮತ್ತೆ ನೋಡಬೇಕು.

ಎಕ್ಸ್‌ರೇ ಎಂಬ ನೆರಳು

ಎಕ್ಸ್‌ರೇ ಚಿತ್ರವೆಂದರೆ ಒಂದು ನೆರಳು. ಕಿರಣಗಳು ಎದೆಯನ್ನು ಹಾದುಹೋಗುವಾಗ ಗಾಳಿ ಅವನ್ನು ತಡೆಯುವುದಿಲ್ಲ, ಆದ್ದರಿಂದ ಶ್ವಾಸಕೋಶ ಕಪ್ಪಾಗಿ ಕಾಣುತ್ತದೆ. ಮೂಳೆ ಬಲವಾಗಿ ತಡೆಯುತ್ತದೆ, ಅದು ಬಿಳಿ. ರಕ್ತ, ನೀರು, ಮಾಂಸ ಇವು ನಡುವಿನ ಬೂದು ಛಾಯೆಗಳು. ಗಾಳಿ ಇರಬೇಕಾದಲ್ಲಿ ದ್ರವ ಸೇರಿದಾಗ ಕಪ್ಪು ಇರಬೇಕಾದಲ್ಲಿ ಬಿಳಿ ಮೂಡುತ್ತದೆ. ಅಡಿಕೆ ಗೊನೆಯ ನೆರಳು ಗೋಡೆಯ ಮೇಲೆ ಬಿದ್ದಾಗ ಯಾವ ಅಡಿಕೆ ಮುಂದಿನದು, ಯಾವುದು ಹಿಂದಿನದು ಎಂದು ಹೇಳಲಾಗದಂತೆ, ಈ ಚಿತ್ರದಲ್ಲೂ ಪಕ್ಕೆಲುಬು, ಹೃದಯ, ರಕ್ತನಾಳ, ಶ್ವಾಸಕೋಶ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ತೆಳುವಾದ ಊತ ಈ ನೆರಳುಗಳ ನಡುವೆ ಅಡಗಿಬಿಡಬಹುದು.

ಮಕ್ಕಳ ಫಿಲ್ಮಿಗೆ ಇನ್ನೂ ಕೆಲವು ತೊಡಕುಗಳಿವೆ. ದೊಡ್ಡವರಿಗೆ "ಉಸಿರು ಎಳೆದು ಹಿಡಿಯಿರಿ" ಎಂದರೆ ಸಾಕು. ಎರಡು ವರ್ಷದ ಮಗು ಅಪರಿಚಿತ ಕೊಠಡಿಯಲ್ಲಿ, ತಣ್ಣನೆಯ ಹಲಗೆಯ ಮೇಲೆ, ಸೀಸದ ಏಪ್ರನ್ ತೊಟ್ಟ ತಾಯಿ ಎರಡೂ ಕೈ ಹಿಡಿದಿರುವಾಗ ಕಿರುಚಿ ಅಳುತ್ತಿರುತ್ತದೆ. ಅಳುವಿನ ಕೊನೆಯಲ್ಲಿ ಉಸಿರೆಲ್ಲ ಹೊರಹೋದ ಕ್ಷಣದಲ್ಲಿ ಗುಂಡಿ ಒತ್ತಿದರೆ ಶ್ವಾಸಕೋಶ ಕುಗ್ಗಿ, ಇಡೀ ಎದೆ ಬಿಳಿಚಿಕೊಂಡು, ಹೃದಯ ದೊಡ್ಡದಾಗಿ ಕಾಣುತ್ತದೆ. ಇಲ್ಲದ ನ್ಯುಮೋನಿಯಾ ಇದೆಯೆಂಬಂತೆ ತೋರುವುದು ಹೀಗೆ. ಮಗು ಮತ್ತೆ ಅಳಲು ಉಸಿರು ಎಳೆದುಕೊಳ್ಳುವ ಆ ಅರ್ಧ ಕ್ಷಣಕ್ಕಾಗಿ ಕಾಯುವುದೇ ಆ ಕೊಠಡಿಯ ಕಸುಬು.

ಹಸುಗೂಸುಗಳಲ್ಲಿ ಥೈಮಸ್ ಎಂಬ ಗ್ರಂಥಿಯೂ ಸೇರಿಕೊಳ್ಳುತ್ತದೆ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿರುವ ಇದು ಶೈಶವದಲ್ಲಿ ದೊಡ್ಡದಾಗಿದ್ದು ಫಿಲ್ಮಿನಲ್ಲಿ ಹಾಯಿದೋಣಿಯ ಪಟದಂತೆ ಒಂದು ಬದಿಗೆ ಚಾಚಿ ಕಾಣಿಸಬಹುದು. ಅಭ್ಯಾಸವಿಲ್ಲದ ಕಣ್ಣು ಇದನ್ನೂ ರೋಗವೆಂದುಕೊಳ್ಳುತ್ತದೆ.

ಇನ್ನು ಕೊರೊನಾದ ವಿಷಯ. ಸೌಮ್ಯ ಸೋಂಕಿರುವ ಮಗುವಿನ ಎಕ್ಸ್‌ರೇ ಬಹಳ ಸಲ ಪೂರ್ತಿ ಸಹಜವಾಗಿಯೇ ಇರುತ್ತದೆ. ಏನಾದರೂ ಕಂಡರೆ, ಶ್ವಾಸನಾಳದ ಗೋಡೆಗಳು ಸ್ವಲ್ಪ ದಪ್ಪಗಾದ ಗುರುತು ಅಥವಾ ಕೆಳಭಾಗದಲ್ಲಿ ಅಲ್ಲಲ್ಲಿ ಮಸುಕು ಮಚ್ಚೆಗಳು. ಇವೆರಡೂ ಬೇರೆ ವೈರಾಣುಗಳ ಸೋಂಕಿನಲ್ಲೂ ಬರುವಂಥವು. ಹಾಗಾಗಿ ಚಿತ್ರ ಚೆನ್ನಾಗಿದ್ದರೆ ಸೋಂಕಿಲ್ಲವೆಂದೂ ಹೇಳಲಾಗದು, ಮಚ್ಚೆ ಇದ್ದರೆ ಅದು ಕೊರೊನಾವೇ ಎಂದೂ ಹೇಳಲಾಗದು.

ಸಿಟಿ ಸ್ಕ್ಯಾನಿನ ಹೋಳುಗಳು

ಸಿಟಿ ಸ್ಕ್ಯಾನಿನಲ್ಲಿಯೂ ಬಳಸುವುದು ಎಕ್ಸ್ ಕಿರಣಗಳನ್ನೇ. ಆದರೆ ಕಿರಣದ ಮೂಲ ದೇಹದ ಸುತ್ತ ತಿರುಗುತ್ತಾ ಎಲ್ಲ ಕಡೆಯಿಂದಲೂ ಅಳೆಯುತ್ತದೆ, ಕಂಪ್ಯೂಟರು ಆ ಅಳತೆಗಳಿಂದ ಎದೆಯ ಅಡ್ಡ ಹೋಳುಗಳನ್ನು ಕಟ್ಟಿಕೊಡುತ್ತದೆ. ಬಾಳೆದಿಂಡನ್ನು ಪಲ್ಯಕ್ಕೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಾಗ ಪ್ರತಿ ಬಿಲ್ಲೆಯ ಒಳಗಿನ ಸುರುಳಿ, ನಾರು ಬೇರೆ ಬೇರೆಯಾಗಿ ಕಾಣುವಂತೆ, ಇಲ್ಲಿ ನೆರಳುಗಳು ಒಂದರ ಮೇಲೊಂದು ಬೀಳುವುದಿಲ್ಲ.

ಕೊರೊನಾದ ಸಿಟಿ ವರದಿಗಳಲ್ಲಿ ಪದೇ ಪದೇ ಬರುವ ಮಾತು ಗ್ರೌಂಡ್ ಗ್ಲಾಸ್ ಒಪ್ಯಾಸಿಟಿ. ಗ್ರೌಂಡ್ ಗ್ಲಾಸ್ ಎಂದರೆ ಉಜ್ಜಿ ಮಸುಕು ಮಾಡಿದ ಗಾಜು. ಜುಲೈ ತಿಂಗಳಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಟರು ಇಳಿಸಿದ ಬಸ್ಸಿನೊಳಗೆ ಉಸಿರಿನ ಆವಿ ಮುಂದಿನ ಗಾಜಿಗೆ ಕಟ್ಟಿಕೊಳ್ಳುತ್ತದೆ. ಹೊರಗಿನ ತೆಂಗಿನಮರ, ಎದುರು ಬರುವ ಲಾರಿ ಮಸುಕಾದರೂ ಆಕಾರ ತಿಳಿಯುತ್ತದೆ. ಶ್ವಾಸಕೋಶದ ಒಂದು ಭಾಗ ಹೀಗೆ ಮಸುಕಾಗಿ, ಅದರೊಳಗಿನ ರಕ್ತನಾಳಗಳು ಇನ್ನೂ ಗುರುತು ಸಿಗುವಂತಿದ್ದರೆ ಅದು ಗ್ರೌಂಡ್ ಗ್ಲಾಸ್. ಗಾಳಿಚೀಲದಲ್ಲಿ ದ್ರವ ಭಾಗಶಃ ಸೇರಿದೆ ಅಥವಾ ಗೋಡೆ ಊದಿದೆ ಎಂದು ಅರ್ಥ. ಅದೇ ಗಾಜಿಗೆ ಸುಣ್ಣ ಬಳಿದರೆ ಆಚೆಯದು ಏನೂ ಕಾಣದು. ರಕ್ತನಾಳವೂ ಮುಚ್ಚಿಹೋಗುವಷ್ಟು ಬಿಳಿಯಾದ ಭಾಗವನ್ನು ಕನ್ಸಾಲಿಡೇಶನ್ ಎನ್ನುತ್ತಾರೆ. ಅಲ್ಲಿ ಗಾಳಿಯ ಜಾಗವನ್ನು ದ್ರವ ಪೂರ್ತಿ ಆಕ್ರಮಿಸಿದೆ. ಕೆಲವು ಮಕ್ಕಳಲ್ಲಿ ಸೋಂಕಿನ ಆರಂಭದಲ್ಲಿ ಗಟ್ಟಿ ಬಿಳಿಯ ಸುತ್ತ ಮಸುಕಿನ ಬಳೆಯೊಂದು ಕಾಣುತ್ತದೆ, ಮೋಡದ ರಾತ್ರಿ ಚಂದ್ರನ ಸುತ್ತ ಕಾಣುವ ಪರಿವೇಷದ ಹಾಗೆ. ಅದರ ಹೆಸರೂ ಹೇಲೋ ಎಂದೇ.

ಈ ಗುರುತುಗಳು ಹೆಚ್ಚಾಗಿ ಶ್ವಾಸಕೋಶದ ಹೊರ ಅಂಚಿನಲ್ಲಿ, ಅದನ್ನು ಹೊದ್ದ ಪೊರೆಗೆ ತಾಗಿಕೊಂಡು, ಕೆಳಭಾಗದಲ್ಲಿ ಇರುತ್ತವೆ. ದೊಡ್ಡವರ ತೀವ್ರ ಸೋಂಕಿನಲ್ಲಿ ಎರಡೂ ಕಡೆ ಹರಡಿಕೊಂಡರೆ, ಮಕ್ಕಳಲ್ಲಿ ಸಾಮಾನ್ಯವಾಗಿ ಕಡಿಮೆ ಜಾಗದಲ್ಲಿ, ಕೆಲವೊಮ್ಮೆ ಒಂದೇ ಬದಿಯಲ್ಲಿ ಮುಗಿಯುತ್ತವೆ. ವುಹಾನ್‌ನ ಆ 171 ಮಕ್ಕಳಲ್ಲಿ ಗ್ರೌಂಡ್ ಗ್ಲಾಸ್ ಕಂಡದ್ದು ಶೇ. 32.7ರಲ್ಲಿ. ಮಕ್ಕಳ ಎದೆಯ ಚಿತ್ರಗಳನ್ನು ಓದುವ ತಜ್ಞರು 2020ರಲ್ಲಿ ವರದಿಗಳಿಗೊಂದು ಏಕರೂಪ ತರಲು ನಾಲ್ಕು ವರ್ಗ ಮಾಡಿದರು: ಕೊರೊನಾಕ್ಕೆ ವಿಶಿಷ್ಟವಾದದ್ದು, ಹೀಗೆಯೂ ಹಾಗೆಯೂ ಇರಬಹುದಾದದ್ದು, ಹೊಂದಿಕೆಯಾಗದ್ದು, ಏನೂ ಕಾಣದ್ದು. ಕೊನೆಯದರ ಅರ್ಥ ನ್ಯುಮೋನಿಯಾದ ಗುರುತಿಲ್ಲ ಎಂದಷ್ಟೇ, ಸೋಂಕು ಇರಬಹುದು.

ಎಲ್ಲ ಮಕ್ಕಳಿಗೂ ಸಿಟಿ ಏಕೆ ಮಾಡುವುದಿಲ್ಲ

2021ರ ಎರಡನೇ ಅಲೆಯಲ್ಲಿ ಸಿಟಿ ಸ್ಕೋರ್ ಎಂಬುದು ಪರೀಕ್ಷೆಯ ಅಂಕದಂತೆ ಊರೆಲ್ಲ ಓಡಾಡಿತು. ಶ್ವಾಸಕೋಶದ ಐದು ಹಾಲೆಗಳಿಗೆ, ಅಂದರೆ ಭಾಗಗಳಿಗೆ, ತಲಾ 5ರಂತೆ ಒಟ್ಟು 25ಕ್ಕೆ ಎಷ್ಟು ಎಂಬ ಲೆಕ್ಕ ಅದು. ದೊಡ್ಡವರಿಗಾಗಿ ಹುಟ್ಟಿಕೊಂಡ ಈ ಅಂಕವನ್ನು ಆಟವಾಡುತ್ತಿರುವ ಮಗುವಿಗೂ ತೆಗೆಸಬೇಕೆಂದು ಕೇಳುವವರಿದ್ದರು. ಮೇಲೆ ಹೇಳಿದ ಹನ್ನೆರಡು ಮಕ್ಕಳು ನೆನಪಿಗೆ ಬರಬೇಕಾದದ್ದು ಇಲ್ಲಿ. ಚಿತ್ರದಲ್ಲಿ ಗುರುತಿದ್ದರೂ ಅವರಿಗೆ ತೊಂದರೆ ಇರಲಿಲ್ಲ. ಚಿಕಿತ್ಸೆ ನಿರ್ಧಾರವಾಗುವುದು ಉಸಿರಿನ ವೇಗ, ಆಮ್ಲಜನಕದ ಮಟ್ಟ, ಮಗುವಿನ ಚಟುವಟಿಕೆಗಳಿಂದ. ಉಸಿರು ಸಹಜವಾಗಿರುವ ಮಗುವಿನ ಚಿತ್ರದಲ್ಲಿ ಒಂದು ಮಚ್ಚೆ ಸಿಕ್ಕಿದರೂ ಔಷಧ ಬದಲಾಗುವುದಿಲ್ಲ. 2021ರ ಜೂನ್‌ನ ಕೇಂದ್ರ ಮಾರ್ಗಸೂಚಿಯೂ ಮಕ್ಕಳ ಎದೆಯ ಸಿಟಿಯನ್ನು ವಿವೇಚನೆಯಿಂದ ಬಳಸಬೇಕೆಂದೇ ಹೇಳಿತು. ಸೌಮ್ಯ ಸೋಂಕಿಗೆ ಸ್ಟೆರಾಯ್ಡ್ ಹಾನಿಕರವೆಂದೂ ಎಚ್ಚರಿಸಿತು.

ವಿಕಿರಣದ ಪ್ರಶ್ನೆಯೂ ಇದೆ. 2021ರ ಮೇ ತಿಂಗಳಲ್ಲಿ ದೆಹಲಿ ಏಮ್ಸ್‌ನ ಅಂದಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಅವರು ಒಂದು ಸಿಟಿ 300-400 ಎದೆಯ ಎಕ್ಸ್‌ರೇಗಳಿಗೆ ಸಮ ಎಂದರು. ಭಾರತೀಯ ರೇಡಿಯಾಲಜಿ ತಜ್ಞರ ಸಂಘ ಅದನ್ನು ಒಪ್ಪದೆ, ಅದು ಹಳೆಯ ಯಂತ್ರಗಳ ಕಾಲದ ಮಾತೆಂದಿತು. ಲೆಕ್ಕಗಳಲ್ಲಿ ಹೀಗೆ ಅಂತರ ಬರುವುದಕ್ಕೆ ಕಾರಣವಿದೆ: ಸಾಮಾನ್ಯ ವಿಧಾನದಲ್ಲಿ ದೊಡ್ಡವರ ಎದೆಯ ಸಿಟಿಗೆ ಸುಮಾರು 6-7 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣವನ್ನು ಅಳೆಯುವ ಮಾನ) ವಿಕಿರಣ ಬೇಕಾಗುತ್ತದೆ, ಕಡಿಮೆ ಪ್ರಮಾಣದ ವಿಧಾನದಲ್ಲಿ ಅದು ಬಹಳಷ್ಟು ಇಳಿಯುತ್ತದೆ, ಎಕ್ಸ್‌ರೇಯ ಪ್ರಮಾಣವೂ 0.02ರಿಂದ 0.1ರವರೆಗೆ ಲೆಕ್ಕ ಹಾಕುವವರಿಗೆ ತಕ್ಕಂತೆ ಬದಲಾಗುತ್ತದೆ. ಹೋಲಿಕೆಗೆ, ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ಸಹಜವಾಗಿ ಸಿಗುವ ವಿಕಿರಣ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಂದರೆ ಒಂದು ಎಕ್ಸ್‌ರೇ ಕೆಲವು ದಿನಗಳ ಸಹಜ ವಿಕಿರಣದಷ್ಟು, ಅದಕ್ಕೆ ಹೆದರಿ ವೈದ್ಯರು ಬರೆದುಕೊಟ್ಟ ಎಕ್ಸ್‌ರೇಯನ್ನು ತಪ್ಪಿಸಬೇಕಾಗಿಲ್ಲ. ಸಿಟಿಯ ವಿಷಯದಲ್ಲಿ ಮಕ್ಕಳಿಗೆ ಹೆಚ್ಚಿನ ಜಾಗ್ರತೆ ಏಕೆಂದರೆ ಬೆಳೆಯುವ ದೇಹದಲ್ಲಿ ಜೀವಕೋಶಗಳು ವೇಗವಾಗಿ ವಿಭಜನೆಯಾಗುತ್ತಿರುತ್ತವೆ, ಮುಂದಿರುವ ಆಯುಷ್ಯವೂ ದೀರ್ಘ. ಪುಟ್ಟ ಮಕ್ಕಳು ಅಲುಗಾಡದೆ ಮಲಗಲು ಕೆಲವೊಮ್ಮೆ ಮಂಪರಿನ ಔಷಧವನ್ನೂ ಕೊಡಬೇಕಾಗುತ್ತದೆ.

ಹಾಗೆಂದು ಸಿಟಿ ಬೇಡವೇ ಬೇಡ ಎಂದಲ್ಲ. ಆಮ್ಲಜನಕ ಕೊಟ್ಟರೂ ಮಗು ಸುಧಾರಿಸದಿದ್ದಾಗ, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಶಯವಿದ್ದಾಗ, ಕ್ಯಾನ್ಸರ್ ಚಿಕಿತ್ಸೆ ಮುಂತಾದವುಗಳಿಂದ ರೋಗನಿರೋಧಕ ಶಕ್ತಿ ಕುಂದಿದ ಮಗುವಿನಲ್ಲಿ ಎಕ್ಸ್‌ರೇಯಿಂದ ಉತ್ತರ ಸಿಗದಿದ್ದಾಗ ಅದನ್ನು ಮಾಡಲೇಬೇಕಾಗುತ್ತದೆ. ತರಬೇತಿ ಪಡೆದವರಿರುವಲ್ಲಿ ವಿಕಿರಣವೇ ಇಲ್ಲದ ಅಲ್ಟ್ರಾಸೌಂಡನ್ನು ಹಾಸಿಗೆಯ ಬಳಿಗೇ ತಂದು ಶ್ವಾಸಕೋಶದ ಅಂಚನ್ನು ನೋಡುವುದೂ ಉಂಟು.

ಸೋಂಕು ಹೋದ ಮೇಲೆ ಬರುವ ಜ್ವರ

ಅಪರೂಪವಾದರೂ ತಿಳಿದಿರಬೇಕಾದದ್ದು ಎಂಐಎಸ್-ಸಿ ಎಂಬ ಸ್ಥಿತಿ. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು ಮೊದಲು ಇದರ ಬಗ್ಗೆ ಎಚ್ಚರಿಸಿದರು. ಸೋಂಕು ತಗಲಿ ಎರಡರಿಂದ ಆರು ವಾರಗಳ ನಂತರ, ಮಗು ಚೇತರಿಸಿಕೊಂಡಿದೆ ಎಂದು ಎಲ್ಲರೂ ಮರೆತಿರುವಾಗ, ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳಿ ಹಲವು ಅಂಗಗಳಲ್ಲಿ ಉರಿಯೂತ ಉಂಟಾಗುತ್ತದೆ. ಮೂರು ದಿನ ದಾಟಿದರೂ ಬಿಡದ ಜ್ವರ, ಕಣ್ಣು ಕೆಂಪಾಗುವುದು, ಮೈಮೇಲೆ ದದ್ದು, ತುಟಿ ಒಡೆಯುವುದು, ವಾಂತಿ, ಅಪೆಂಡಿಸೈಟಿಸ್ ಎಂದೇ ತೋರುವ ಹೊಟ್ಟೆನೋವು ಇದರ ಗುರುತುಗಳು. ಇದರಲ್ಲಿ ಎದೆಯ ಚಿತ್ರದ ಸ್ವರೂಪವೇ ಬೇರೆ: ಹೃದಯ ದೊಡ್ಡದಾಗಿ, ಶ್ವಾಸಕೋಶದಲ್ಲಿ ಮತ್ತು ಅದರ ಸುತ್ತಲಿನ ಪೊರೆಯಲ್ಲಿ ನೀರು ತುಂಬಿದಂತೆ ಕಾಣಬಹುದು. ಹೃದಯದ ಬಡಿತ ಬಲ ಕಳೆದುಕೊಂಡದ್ದರಿಂದ ಬರುವ ನೀರೂ ಇದರಲ್ಲಿರುತ್ತದೆ. ಆದ್ದರಿಂದ ಇಲ್ಲಿ ಹೃದಯದ ಅಲ್ಟ್ರಾಸೌಂಡ್ ಆದ ಎಕೋ ಪರೀಕ್ಷೆ ಮುಖ್ಯವಾಗುತ್ತದೆ. ಇಂಥ ಜ್ವರದಲ್ಲಿ "ಹೋದ ತಿಂಗಳು ಮನೆಯಲ್ಲಿ ಎಲ್ಲರಿಗೂ ಶೀತವಾಗಿತ್ತು" ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳುವುದು ಬಹಳ ಉಪಯೋಗಕ್ಕೆ ಬರುತ್ತದೆ.

ಫಿಲ್ಮನ್ನು ಎಸೆಯಬೇಡಿ

ಮಗು ಹುಷಾರಾಗಿ ಓಡಾಡುತ್ತಿದ್ದರೆ ಮಚ್ಚೆ ಹೋಯಿತೇ ಎಂದು ನೋಡಲು ಮತ್ತೊಂದು ಎಕ್ಸ್‌ರೇ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಚಿತ್ರದ ಗುರುತು ಮಾಯಲು ಲಕ್ಷಣಗಳಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಕೆಮ್ಮು, ಜ್ವರ ಬಿಡದಿದ್ದರೆ ಅಥವಾ ಹೊಸದಾಗಿ ಉಸಿರಾಟದ ತೊಂದರೆ ಬಂದರೆ ಮಾತ್ರ ವೈದ್ಯರು ಪುನಃ ತೆಗೆಸುತ್ತಾರೆ. ಆಗ ಹಳೆಯದು ಕೈಯಲ್ಲಿದ್ದರೆ ಹೋಲಿಸಿ ನೋಡಬಹುದು. ನಮ್ಮ ಕಡೆಯವರು ಒಂದು ವಾರ ಇಲ್ಲಿಯ ಆಸ್ಪತ್ರೆ, ಮುಂದಿನ ವಾರ ರಾಜ್ಯದ ಗಡಿ ತಲಪಾಡಿ ದಾಟಿ ಮಂಗಳೂರು ಎಂದು ಓಡಾಡುವವರು. ಹಳೆಯ ಫಿಲ್ಮು ಇಲ್ಲದಿದ್ದರೆ ಅಲ್ಲಿ ಹೊಸತೇ ಆಗಬೇಕು. ನೆರೆಮನೆಯ ತಾಯಿಗೂ ಅಷ್ಟೇ ಹೇಳಿದೆ. ಅಷ್ಟರಲ್ಲಿ ಅವರ ಮಗ ಅಂಗಳದ ನೀರಿನಲ್ಲಿ ಕಾಗದದ ದೋಣಿ ಬಿಡುತ್ತಿದ್ದ, ಬಾಯಿಮುಚ್ಚಿ ಸಲೀಸಾಗಿ ಉಸಿರಾಡುತ್ತಿದ್ದ. ಅವರು ಫಿಲ್ಮನ್ನು ಮಡಚದೆ ಕವರಿನೊಳಗಿಟ್ಟು, ಕವರಿನ ಮೇಲೆ ಪೆನ್ನಿನಲ್ಲಿ ತಾರೀಕು ಬರೆದುಕೊಂಡರು.